ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲವಂತೆ

ಸೊಲ್ಲಾಪುರದ ನಮ್ಮ ಮನೆಯಲ್ಲಿ ನನ್ನ ಬಲಗೈಯ ಮೇಲೆ ಒಂದು ಹಳೆಯ ಆರೋಪವಿದೆ. ಈ ಕೈ ಸೋಕಿದ ಗಿಡ ಬದುಕುವುದಿಲ್ಲ ಎಂಬುದೇ ಆ ಆರೋಪ. ಅದನ್ನು ಹೊರಿಸಿದವರೂ, ವಿಚಾರಣೆ ನಡೆಸಿದವರೂ, ತೀರ್ಪು ಕೊಟ್ಟವರೂ ಒಬ್ಬರೇ. ಅವರು ನನ್ನ ಹಿರಿಯ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವರಿಗೆ ಅಕ್ಕಾರು ಎನ್ನುತ್ತೇನೆ. ಮೇಲಿನ ಕೋರ್ಟಿಗೆ ಹೋಗಲು ದಾರಿಯಿರಲಿಲ್ಲ, ಯಾಕೆಂದರೆ ಅಲ್ಲಿಯೂ ಅವರೇ ಕೂತಿರುತ್ತಿದ್ದರು.

ಸಾಕ್ಷಿ ಇರಲಿಲ್ಲ ಎಂದು ನಾನು ಹೇಳಲಾರೆ. ನಮ್ಮ ಮಾಳಿಗೆಯ ಕಿಟಕಿಯಲ್ಲಿ ಸಾಲಾಗಿ ಕುಂಡಗಳಿದ್ದವು, ಕುಂಡಗಳಲ್ಲಿ ಸಾಲಾಗಿ ಹೆಣಗಳಿದ್ದವು. ಮನಿಪ್ಲಾಂಟು, ಪೀಸ್‌ಲಿಲಿ, ಎಲೆಯ ಮೇಲೆ ಕುಂಕುಮ ಚೆಲ್ಲಿದಂತಿರುವ ಇನ್ನೊಂದು, ಎಲ್ಲವೂ ಅಂಗಡಿಯಿಂದ ನಗುನಗುತ್ತಾ ಬಂದು ನಮ್ಮಲ್ಲಿ ಹಳದಿಯಾಗಿ, ಬುಡದಲ್ಲಿ ಮೆತ್ತಗಾಗಿ, ಒಂದು ದಿನ ಸುಮ್ಮನೆ ಮಗ್ಗುಲಿಗೆ ಒರಗುತ್ತಿದ್ದವು. ಬಂದವರೆಲ್ಲ ಆ ಕಿಟಕಿಯನ್ನು ನೋಡಿ, ಆಮೇಲೆ ನನ್ನ ಕೈಯನ್ನು ನೋಡಿ, ಚಹಾ ಕುಡಿಯುತ್ತಿದ್ದರು.

ಕೈಗುಣವನ್ನು ನಮ್ಮ ಕಡೆ ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ನನಗಾದ ಶಿಕ್ಷೆಯೂ ಹಗುರಾಗಿರಲಿಲ್ಲ. ನವರಾತ್ರಿಯಲ್ಲಿ ನಮ್ಮಲ್ಲಿ ಘಟ ಕೂಡಿಸುತ್ತಾರೆ. ದೇವರ ಮುಂದೆ ಮುತ್ತುಗದೆಲೆಯ ಪತ್ರೋಳಿಯ ಮೇಲೆ ಹೊಲದ ಮಣ್ಣು ಹರವಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟು, ಸುತ್ತಲೂ ಗೋಧಿ, ಜೋಳ ಬಿತ್ತುತ್ತಾರೆ. ದಸರೆಯ ಹೊತ್ತಿಗೆ ಗೇಣುದ್ದದ ಸಸಿ ಬಂದರೆ ಆ ವರ್ಷ ಮನೆ ಬೆಳೆಯಿತು. ಬೀಜ ಕೊಳೆತರೆ ಅದರ ಮಾತನ್ನು ಯಾರೂ ಆಡುವುದಿಲ್ಲ, ವರ್ಷವಿಡೀ ನೆನೆಯುತ್ತಾರೆ. ಈ ಮನೆಗೆ ಬಂದಾಗಿನಿಂದ ಹೂ ಕಟ್ಟಿದ್ದೇನೆ, ಆರತಿ ಹಿಡಿದಿದ್ದೇನೆ, ಉಪವಾಸದವರಿಗೆ ಸಾಬೂದಾಣಿ ನೆನೆಸಿದ್ದೇನೆ. ಘಟದ ಮಣ್ಣು ಮುಟ್ಟಿರಲಿಲ್ಲ. ಅಕ್ಕಲಕೋಟ ತಾಲೂಕಿನ ಒಕ್ಕಲುತನದ ಮನೆಯ ಮಗಳು ನಾನು. ಜೋಳದ ಹೊಲದಲ್ಲಿ ನಡೆಯಲು ಕಲಿತವಳಿಗೆ ಒಂದು ಪತ್ರೋಳಿಯಷ್ಟು ಹೊಲ ಬಿತ್ತುವ ಅಧಿಕಾರ ಇರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕಾರ ಭುಜ ಹಿಡಿದುಕೊಂಡಿತು. ಒಂದು ಮಧ್ಯಾಹ್ನ ಊಟವಾದ ಮೇಲೆ ಅವರು ರಾಜ್ಯದ ಉತ್ತರಾಧಿಕಾರವನ್ನು ಪ್ರಕಟಿಸಿದರು.

"ನನ್ನ ಕೈ ಮ್ಯಾಲೆ ಏಳವಲ್ದು. ಈ ಸಲಾ ಘಟಾ ನಮ್ಮ ಸೊಸಿ ಹಾಕ್ತಾಳ."

ಅವರ ಸೊಸೆ ಬಾರ್ಶಿಯ ಹುಡುಗಿ. ಮರಾಠಿ ಮಾತನಾಡುತ್ತಾಳೆ, ಕನ್ನಡ ಅರ್ಥವಾಗುತ್ತದೆ, ಬೇಕಾದಾಗ ಅರ್ಥವಾಗುವುದಿಲ್ಲ. ಅವಳು ತಲೆ ಎತ್ತದೆ ಮೊಬೈಲ್ ನೋಡುತ್ತಿದ್ದಳು.

"ನಡುವ ನಾ ಒಬ್ಬಾಕಿ ಇದ್ದೀನ್ರಿ ಅಕ್ಕಾರ," ಅಂದೆ.

"ಇದ್ದೀಯವ್ವಾ. ಇಲ್ಲ ಅಂದಾರ್ಯಾರು? ಆದ್ರ ಕಿಟಕ್ಯಾಗ ಒಮ್ಮೆ ನೋಡು. ಅಲ್ಲಿ ಮಾಡಿದ್ದ ದೇವರ ಮುಂದ ಮಾಡಿದ್ರ?"

"ಒಂದು ಗಿಡಾ ನವರಾತ್ರಿ ತನಕ ಬದುಕಿಸಿ ತೋರಸ್ತೀನಿ. ಬದುಕಿದ್ರ ಘಟಾ ನಂದು."

ಅಕ್ಕಾರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಯಾವ ಗಿಡಾ? ಲೋಳಸರ ಇಟಗೊಂಡು ಕೂಡ್ರಬ್ಯಾಡ ಮತ್ತ. ಅದು ಗ್ವಾಡಿ ಮ್ಯಾಲೂ ಬದಕತೈತಿ."

ಸೊಸೆಗೆ ಆಗ ಕನ್ನಡ ಚೆನ್ನಾಗಿ ಅರ್ಥವಾಯಿತು. "ಕಾಕೂ, ಮಾಝ್ಯಾಕಡೆ ಏಕ ಆಹೆ. ಪಣ ಲಯಿ ನಖರೆ ಕರತೆ ತೆ," ಅಂದಳು. ತನ್ನ ಬಳಿ ಒಂದಿದೆ, ಆದರೆ ಭಾರೀ ನಖರೆಯ ಜಾತಿ ಎಂದು ಅವಳ ಎಚ್ಚರಿಕೆ. ಹೋಗಿ ತಂದಳು. ಕ್ಯಾಲಥಿಯಾ ಎಂದು ಹೆಸರಂತೆ. ಎಲೆಯ ಮೇಲೆ ಯಾರೋ ಕುಂಚದಿಂದ ಪಟ್ಟೆ ಎಳೆದ ಹಾಗೆ, ಕೆಳಗೆ ನೇರಳೆ ಬಣ್ಣ. ಸಂಜೆಯಾದರೆ ಎಲೆಗಳೆಲ್ಲ ಮೇಲೆದ್ದು ಒಂದಕ್ಕೊಂದು ತಾಗಿ ಕೈ ಮುಗಿದಂತೆ ನಿಲ್ಲುತ್ತಿದ್ದವು. ನೀರು ಕಡಿಮೆಯಾದರೆ ಅಂಚು ಸುಡುತ್ತದೆ, ಹೆಚ್ಚಾದರೆ ಬೇರು ಕೊಳೆಯುತ್ತದೆ, ಬಿಸಿಲು ಆಗುವುದಿಲ್ಲ, ಕತ್ತಲು ಆಗುವುದಿಲ್ಲ. ಸೊಲ್ಲಾಪುರದಲ್ಲಿ ಇಂಥ ಹಟವನ್ನು ನಾವು ಹೊಸ ಅಳಿಯಂದಿರಿಗೆ ಬಿಟ್ಟರೆ ಯಾರಿಗೂ ನಡೆಸಿಕೊಡುವುದಿಲ್ಲ.

ಷರತ್ತು ಕುದುರಿತು. ನಾನು ಮೊದಲು ಮಾಡಿದ್ದು ಶವಪರೀಕ್ಷೆ. ಕಿಟಕಿಯಲ್ಲಿ ಹೊಸದಾಗಿ ಸತ್ತಿದ್ದ ಪೀಸ್‌ಲಿಲಿಯನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿದೆ. ಮಣ್ಣು ಕುಂಡದ ಆಕಾರದಲ್ಲೇ ಇಡಿಯಾಗಿ ಹೊರಬಂತು, ಕರಿ ಬೆಲ್ಲದ ಅಚ್ಚಿನಂತೆ. ಬೇರು ಕಂದಾಗಿ, ಲೋಳೆಯಾಗಿ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಅಲ್ಲೇ ಉಳಿಯಿತು. ವಾಸನೆ, ಮರೆತುಬಿಟ್ಟ ಒದ್ದೆ ಬಟ್ಟೆಯ ಬುಟ್ಟಿಯದು. ಇದು ಬಾಯಾರಿ ಸತ್ತದ್ದಲ್ಲ. ಮುಳುಗಿ ಸತ್ತದ್ದು. ನಳದ ನೀರಿಗೆ ದಿನಗಟ್ಟಲೆ ದಾರಿ ಕಾಯುವ ಊರಿನಲ್ಲಿ, ಮಾಳಿಗೆಯ ಮೇಲೆ, ಒಂದು ಜೀವ ನೀರಿನಲ್ಲಿ ಮುಳುಗಿ ಸತ್ತಿತ್ತು.

ಹೇಗೆಂದು ತಿಳಿಯಲು ಹೆಚ್ಚು ಕಾಯಬೇಕಾಗಲಿಲ್ಲ. ಮರುದಿನ ನಳ ಬಂತು.

ನಮ್ಮೂರಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಮನೆಯ ಹಂಡೆ, ಡ್ರಮ್ಮು, ಕೊಡ, ಬಾಟಲಿ ಎಲ್ಲವೂ ತುಂಬಬೇಕು. ಹೊಸ ನೀರು ತುಂಬಬೇಕಾದರೆ ಹಳೆಯದು ಖಾಲಿಯಾಗಬೇಕು. ಹಳೆಯ ನೀರು ಕುಡಿಯಲು ಬೇಡ, ಗಟಾರಕ್ಕೆ ಚೆಲ್ಲಲು ಮನಸ್ಸಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡಿದ ಕಾಲುಗಳು ಯಾರವೇ ಇರಲಿ, ಅವು ಗಟಾರಕ್ಕೆ ನೀರು ಚೆಲ್ಲಲಾರವು. ಹಾಗಾದರೆ ಎಲ್ಲಿ? ಗಿಡಕ್ಕೆ. ಪುಣ್ಯವೂ ಬಂತು, ಪಾತ್ರೆಯೂ ಖಾಲಿಯಾಯಿತು. ಆ ಬೆಳಿಗ್ಗೆ ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಅಕ್ಕಾರು ಬಂದು ತಾಮ್ರದ ಕೊಡದ ತಳ ಸುರಿದು ಹೋದರು. ಸೊಸೆ ಫಿಲ್ಟರಿನ ಬುಡದ್ದು ತಂದಳು. ಆಮೇಲೆ ನಮ್ಮ ಯಜಮಾನರು, ಅಂಗಡಿಗೆ ಹೊರಟವರು, ಬಾಟಲಿಯಲ್ಲಿ ಉಳಿದ ನೀರನ್ನು ಎಲ್ಲ ಕುಂಡಗಳಿಗೂ ಪ್ರಸಾದದಂತೆ ಹಂಚಿ, ಕೈ ಒರೆಸಿಕೊಂಡು ಇಳಿದರು. ಒಬ್ಬರಿಗೆ ಇನ್ನೊಬ್ಬರು ಹಾಕಿದ್ದು ಗೊತ್ತಿಲ್ಲ. ಎಲ್ಲರೂ ಧರ್ಮಿಷ್ಠರು. ಹೀಗೆ ವರ್ಷಗಟ್ಟಲೆ ಸಾಮೂಹಿಕವಾಗಿ ನಡೆದ ಕೊಲೆಗಳಿಗೆ ಬಲಗೈ ನನ್ನದೊಂದೇ ಸಿಕ್ಕಿತ್ತು.

ಇನ್ನು ಮಣ್ಣು. ಆ ಕುಂಡಗಳಿಗೆಲ್ಲ ತುಂಬಿದ್ದು ತವರಿನ ಕಪ್ಪು ಎರೆ ಮಣ್ಣು. ಮೈಂದರ್ಗಿಯ ಹತ್ತಿರ ನಮ್ಮ ಅಣ್ಣನ ಹೊಲದ್ದು, ಚೀಲದಲ್ಲಿ ಕಟ್ಟಿಸಿಕೊಂಡು ತಂದದ್ದು. ಆ ಮಣ್ಣಿನ ಮೇಲೆ ನಾನು ತಪ್ಪು ಹೊರಿಸಲಾರೆ. ಒಂದು ಹದವಾದ ಮಳೆಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು, ಚಳಿಗಾಲವೆಲ್ಲ ಜೋಳವನ್ನು ಇಬ್ಬನಿಯ ಮೇಲೆ ಸಾಕುವ ಮಣ್ಣು ಅದು. ನೀರು ಹಿಡಿಯುವುದೇ ಅದರ ಕುಲಧರ್ಮ. ಅಂಗೈಯಗಲದ ಕುಂಡದಲ್ಲಿಯೂ ಅದು ಧರ್ಮ ಬಿಡಲಿಲ್ಲ, ಅಷ್ಟೇ. ಆದರೆ ಕ್ಯಾಲಥಿಯಾಕ್ಕೆ ಅದನ್ನು ಹಾಕಲಿಲ್ಲ. ಪಕ್ಕದ ಕಟ್ಟಡದ ಮರಳು ಜರಡಿ ಹಿಡಿದೆ, ಇಟ್ಟಂಗಿ ಕುಟ್ಟಿದೆ, ದೇವರಿಗೆ ಒಡೆದ ಕಾಯಿಗಳ ನಾರು ಬಿಡಿಸಿದೆ, ಎರೆ ಒಂದು ಹಿಡಿಯಷ್ಟೇ ಬೆರೆಸಿದೆ, ತವರಿನ ಮರ್ಯಾದೆಗೆ.

ಆಮೇಲೆ ಕಿಟಕಿಯ ಮುಂದೆ ನಿಂತು ಘೋಷಣೆ ಮಾಡಿದೆ, ಈ ಗಿಡಕ್ಕೆ ನನ್ನ ಹೊರತು ಯಾರೂ ನೀರು ಹಾಕಕೂಡದು.

ಬರದ ಸೀಮೆಯಲ್ಲಿ ನೀರು ಬೇಡ ಅನ್ನುವುದು ಏನೆಂದು ನನಗೆ ಆ ದಿನ ತಿಳಿಯಿತು. ಅನ್ನ ಇಲ್ಲ ಅನ್ನಬಹುದು, ಹೆಣ್ಣು ಕೊಡುವುದಿಲ್ಲ ಅನ್ನಬಹುದು, ನೀರು ಇಲ್ಲ ಅನ್ನುವವರ ಮುಖವನ್ನು ಬೆಳಿಗ್ಗೆ ಯಾರೂ ನೋಡುವುದಿಲ್ಲ.

"ಸಂಜಿ ಆದ್ರ ಕೈ ಮುಗಿತೈತಿ ಪಾಪ," ಅಂದರು ಅಕ್ಕಾರು. "ಕೈ ಮುಗಿಯೂ ಜೀವಕ್ಕ ಒಂದು ಹನಿ ನೀರಿಲ್ಲಂತೀ."

"ನೀರ ಬ್ಯಾಡ ಅಂತ ಕೈ ಮುಗಿತೈತ್ರಿ."

"ನಿನಗ ಹೇಳೇತೇನ?"

"ಕುಂಡಾ ಎತ್ತಿ ನೋಡೀನಿ. ಇನ್ನೂ ವಜ್ಜಿ ಐತಿ."

ಎತ್ತಿ ನೋಡುವುದನ್ನು ನಾನು ನಮ್ಮ ಯಜಮಾನರಿಂದ ಕಲಿತೆ. ಅವರದು ಟಾವೆಲ್ ವ್ಯಾಪಾರ. ಟಾವೆಲ್ಲಿನ ಗಂಟನ್ನು ಒಂದು ಸಲ ಎತ್ತಿ ಇಳಿಸಿದರೆ ಸಾಕು, ಒಳಗಿನ ಮಾಲು ಒಣಗಿದೆಯೋ, ಮಳೆಗಾಲದ ಪಸೆ ಹಿಡಿದಿದೆಯೋ ಹೇಳುತ್ತಾರೆ. ಕುಂಡವೂ ಹಾಗೆ. ಹೊಟ್ಟೆತುಂಬ ನೀರು ಕೊಟ್ಟು, ಕೆಳಗಿನ ತೂತಿನಿಂದ ಹರಿದು ಹೋಗಲು ಬಿಟ್ಟು, ತಾಟಿನಲ್ಲಿ ನಿಂತದ್ದನ್ನು ಚೆಲ್ಲಿ, ಆ ಭಾರವನ್ನು ಕೈಯಲ್ಲಿ ನೆನಪಿಟ್ಟುಕೊಂಡೆ. ದಿನಾ ಎತ್ತಿ ನೋಡುತ್ತಿದ್ದೆ. ಹಗುರಾದಾಗ ಬೆರಳನ್ನು ಎರಡು ಗಿಣ್ಣಿನ ತನಕ ಮಣ್ಣಿಗೆ ಇಳಿಸುತ್ತಿದ್ದೆ. ಬೆರಳಿಗೆ ಮಣ್ಣು ಅಂಟಿದರೆ ನಾಳೆ, ಉದುರಿದರೆ ಇವತ್ತು. ಅಪ್ಪ ಬಿತ್ತುವ ಮುಂಚೆ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಿದ್ದ ಹಾಗೆ. ಬೇಸಿಗೆ ದಾಟಿತು. ಗಿಡ ಹೊಸ ಎಲೆಯನ್ನು ಬೀಡಿಯಂತೆ ಸುರುಳಿ ಸುತ್ತಿಕೊಂಡು ಹೊರತಂದು ನಿಧಾನವಾಗಿ ಬಿಚ್ಚಿತು. ನಾನು ಅದನ್ನು ಎಲ್ಲರಿಗೂ ತೋರಿಸಿದೆ. ಎಲ್ಲರೂ ನೋಡಿ ತಂತಮ್ಮ ಕೆಲಸಕ್ಕೆ ಹೋದರು.

ನಾಗರಪಂಚಮಿ ಬಂತು. ತವರಿಗೆ ಹೋಗಬೇಕು. ನಾನಿಲ್ಲದಾಗ ನಳ ಬಂದರೆ ಗಿಡ ಉಳಿಯುವುದಿಲ್ಲ. ಅಕ್ಕಾರು ಮೋಸ ಮಾಡುವವರಲ್ಲ, ಕರುಣೆ ತೋರುವವರು, ನನಗೆ ಅದೇ ಭಯ. ಆದ್ದರಿಂದ ಕ್ಯಾಲಥಿಯಾವೂ ಪಂಚಮಿಗೆ ತವರಿಗೆ ಹೊರಟಿತು. ಅಕ್ಕಲಕೋಟದ ಬಸ್ಸಿನಲ್ಲಿ ಒಂದು ಸೀಟಿನ ಮೇಲೆ ಕೂರಿಸಿದೆ.

"ಮಾವಶಿ, ಸೀಟು ಮಾಣಸರಿಗೆ," ಅಂದ ಕಂಡಕ್ಟರ್, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. "ಝಾಡ ತೊಡಿ ಮ್ಯಾಲೆ ತಗೋರಿ."

"ಇದಕ್ಕೂ ಒಂದು ಅರ್ಧಾ ತಿಕೀಟ ಹರಿಯಪ್ಪಾ."

ಅವನು ಎಲೆಗಳನ್ನು ಬಗ್ಗಿ ನೋಡಿದ. "ಐದು ವರ್ಷದ ಒಳಗಿಂದು ಕಾಣತೈತಿ. ಫುಕಟ್. ತೊಡಿ ಮ್ಯಾಲೆ ತಗೋರಿ."

ತೊಡೆಯ ಮೇಲೆ ತೆಗೆದುಕೊಂಡೆ. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಮೈಂದರ್ಗಿಗೆ ಇಳಿದಾಗ ಅಣ್ಣ ಮೋಟರ್ ಸೈಕಲ್ ತಂದಿದ್ದ. ದಾರಿಯುದ್ದಕ್ಕೂ ಅವನ ಕುತ್ತಿಗೆಗೆ ಎಲೆ ತಾಗುತ್ತಿತ್ತು, ಅವನ ಬಾಯಿ ಸುಮ್ಮನಿರಲಿಲ್ಲ.

"ನಮ್ಮ ಎರಿ ಬಿಟ್ಟು ಇಟ್ಟಂಗಿ ಚೂರಿನ್ಯಾಗ ಗಿಡಾ ಹಚ್ಚೀದಿ. ಈ ಮಣ್ಣಿಂದಽ ಉಂಡು ಬೆಳದಾಕಿ ನೀ."

"ನಾ ಉಂಡು ಬೆಳದೀನಿ. ಗಿಡಾ ಉಂಡು ಸತ್ತಾವು."

"ಸಿಟಿ ಗಿಡಾ," ಅಂದ, ಬೈಗುಳದಂತೆ.

ಮನೆಯ ಹೊಸ್ತಿಲಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಕಾಲಿಗೆ ನೀರು ಕೊಟ್ಟಳು, ಕುಡಿಯಲು ನೀರು, ಬೆಲ್ಲ ಕೊಟ್ಟಳು. ನಾನು ಅವಳಿಗೆ ಸೊಲ್ಲಾಪುರದ ಟಾವೆಲ್ಲುಗಳ ಕಟ್ಟು ಕೊಟ್ಟೆ. ನಾವು ಎಲ್ಲಿಗೆ ಹೋದರೂ ಟಾವೆಲ್ ಒಯ್ಯುತ್ತೇವೆ, ಬೇರೆಯವರು ಬಾಳೆಹಣ್ಣು ಒಯ್ದಂತೆ. ಗಿಡವನ್ನು ಪಡಸಾಲೆಯ ನೆರಳಿನಲ್ಲಿ ಇಟ್ಟೆ. ಹಿಂದಿನ ದಿನವಷ್ಟೇ ನೀರು ಕುಡಿದಿತ್ತು, ಇನ್ನೂ ಭಾರವಿತ್ತು. ಪ್ರಯಾಣದ ಗಾಳಿಗೆ ಎಲೆ ಸ್ವಲ್ಪ ಜೋತಿದ್ದವು, ನೆರಳಲ್ಲಿ ಸರಿಹೋಗುತ್ತವೆ ಎಂದುಕೊಂಡೆ. ಕಡುಬು ತಿಂದೆ, ಮಲಗಿದೆ.

ಎದ್ದಾಗ ಕುಂಡದ ಅಂಚಿನವರೆಗೂ ನೀರು ನಿಂತಿತ್ತು. ಕೆಳಗಿನ ತಾಟೂ ತುಂಬಿ, ತೂತು ಮುಳುಗಿ, ನೀರಿಗೆ ಹೋಗಲು ಎಲ್ಲಿಯೂ ದಾರಿಯಿರಲಿಲ್ಲ. ವೈನಿ ಪಕ್ಕದಲ್ಲಿ ಕೂತು ಎಲೆ ಒರೆಸುತ್ತಿದ್ದಳು. ಎರಡು ಸಲ ಚರಗಿ ತುಂಬಿ ಹಾಕಿದ್ದಳಂತೆ, ನಡುವೆ ಒಂದು ಸಲ ಅಣ್ಣನೂ ಹಾಕಿದ್ದನಂತೆ.

"ಮನಿಗೆ ಬಂದಾಕಿಗೆ ಒಂದು ಚರಗಿ ನೀರ ಕೊಟ್ರ ಏನ್ ತಪ್ಪಾತು?"

"ಬಂದಾಕಿ ನಾ. ನನಗ ಕೊಟ್ಟೀದಿ."

"ಅದೂ ಬಂದೈತಲ್ಲ."

ವಾದಕ್ಕೆ ಪುರುಸೊತ್ತಿರಲಿಲ್ಲ. ಕುಂಡವನ್ನು ಅಂಗಳಕ್ಕೆ ಒಯ್ದು ಬೋರಲು ಮಾಡಿ, ಗಿಡವನ್ನು ಮಣ್ಣು ಸಮೇತ ಹೊರತೆಗೆದೆ. ನೀರು ಸುರಿಯುತ್ತಿತ್ತು. ಏನಾದರೂ ಸುತ್ತಬೇಕು, ನೀರು ಹೀರಬೇಕು. ಕಣ್ಣಿಗೆ ಬಿದ್ದದ್ದು ಟಾವೆಲ್ಲಿನ ಕಟ್ಟು. ಕಟ್ಟು ಹರಿದೆ. ಒಂದನ್ನು ಬೇರಿನ ಉಂಡೆಗೆ ಸುತ್ತಿ ಮೆಲ್ಲಗೆ ಒತ್ತಿ ಹಿಡಿದೆ. ಅದು ತೊಯ್ದಿತು, ಬಿಚ್ಚಿ ಇನ್ನೊಂದು ಸುತ್ತಿದೆ. ವೈನಿ ತನಗೆ ಬಂದ ಉಡುಗೊರೆ ಒಂದೊಂದಾಗಿ ಕೆಸರಾಗುವುದನ್ನು ಕಂಬಕ್ಕೆ ಒರಗಿ ನೋಡಿದಳು.

"ಬಾಳಂತಿ ಕೂಸಿಗೂ ಇಷ್ಟು ಮಾಡಂಗಿಲ್ಲವ್ವಾ," ಅಂದಳು.

"ಈ ಗಿಡಾ ಸತ್ರ ನನಗ ಘಟಾ ಸಿಗಂಗಿಲ್ಲ ವೈನಿ."

ಘಟದ ಕತೆಯೆಲ್ಲ ಆಗ ಹೇಳಿದೆ, ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡೇ. ಅಣ್ಣ ಕೊಟ್ಟಿಗೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ. ನಮ್ಮ ಮನೆಯ ಹೆಣ್ಣುಮಗಳಿಗೆ ಬಿತ್ತುವ ಕೈಯಿಲ್ಲ ಎಂದು ಸೊಲ್ಲಾಪುರದ ಪೇಟೆಯವರು ತೀರ್ಮಾನ ಮಾಡಿದ್ದು ಅವನಿಗೆ ಗೊತ್ತಿರಲಿಲ್ಲ. ಹೋಗಿ ಹಳೆಯ ಗೋಡೆಯ ಇಟ್ಟಂಗಿ ತಂದು ಸುತ್ತಿಗೆಯಿಂದ ಕುಟ್ಟತೊಡಗಿದ. ಎರೆ ಮಣ್ಣಿನ ಮಾತು ಮತ್ತೆ ಎತ್ತಲಿಲ್ಲ.

ಮೆತ್ತಗಾದ ಬೇರುಗಳನ್ನು ಕತ್ತರಿಸಿದೆ. ಹೊಸ ಮಿಶ್ರಣ ತುಂಬಿದೆ. ಆ ಪಂಚಮಿಯಲ್ಲಿ ನಾನು ಜೋಕಾಲಿ ಆಡಲಿಲ್ಲ, ಎಲೆ ಉದುರುವುದನ್ನು ನೋಡಿದೆ. ಒಂದೊಂದೇ ಹಳದಿಯಾಗಿ ಬಿದ್ದವು. ವಾಪಸು ಬರುವಾಗ ತೊಡೆಯ ಮೇಲೆ ಗಿಡಕ್ಕಿಂತ ಕುಂಡವೇ ಹೆಚ್ಚಾಗಿತ್ತು.

ಸೊಲ್ಲಾಪುರದ ಮನೆಯಲ್ಲಿ ಅದನ್ನು ನೋಡಿ ಯಾರೂ ನಗಲಿಲ್ಲ. ನಗದೆ ಇರುವುದರಲ್ಲಿಯೂ ಒಂದು ರೀತಿಯಿದೆ. ನಾನು ಕುಂಡವನ್ನು ಅದೇ ಕಿಟಕಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಎತ್ತಿ ನೋಡುವುದು, ಬೆರಳು ಇಳಿಸುವುದು, ಕಾಯುವುದು. ಉಳಿದ ಎಲೆಗಳು ಸಂಜೆ ಏಳುವುದನ್ನೂ ನಿಲ್ಲಿಸಿದ್ದವು. "ಈಗರ ಹಾಕು ಒಂದೀಟು," ಎಂದು ನಮ್ಮ ಯಜಮಾನರು ಕೂಡ ಅಂದರು. ಹಾಕಲಿಲ್ಲ. ನೀರು ಹಾಕದೆ ನಿಲ್ಲುವುದು ನೀರು ಹೊರುವುದಕ್ಕಿಂತ ದಣಿವಿನ ಕೆಲಸ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅಕ್ಕಾರು ಮಾಳಿಗೆಗೆ ಬಂದರು. ಚಷ್ಮಾ ಏರಿಸಿ ಗಿಡವನ್ನು ಸುತ್ತಲೂ ನೋಡಿದರು. ಬುಡದಲ್ಲಿ ಹಸಿರು ಸುರುಳಿಯೊಂದು ಮೂಗು ತೂರಿಸಿತ್ತು.

"ಸತ್ತಿಲ್ಲ," ಅಂದರು.

"ಬದುಕೈತಿ ಅನ್ರಿ."

"ಸತ್ತಿಲ್ಲ ಅಂದ್ನಲ್ಲ." ಚಷ್ಮಾ ತೆಗೆದು, "ಆತು. ಘಟಾ ನೀ ಹಾಕು. ನೀರ ನಾ ಹಾಕ್ತೀನಿ."

ಅರ್ಧ ರಾಜ್ಯ ಕೊಟ್ಟಿದ್ದರು. ಹಿಂದಿನ ನಾನಾಗಿದ್ದರೆ ಕೈ ಮುಗಿದು ತೆಗೆದುಕೊಳ್ಳುತ್ತಿದ್ದೆ.

"ಬೀಜಾ ಚೆಲ್ಲೂದು ಗುಬ್ಬಿಗೂ ಬರತೈತ್ರಿ ಅಕ್ಕಾರ. ನೀರ ಹಾಕಾಕಿ ಯಾರೋ ಘಟಾ ಅವರದು. ನೀರ ನಾನಽ ಹಾಕಾಕಿ."

ಸೊಸೆ ಮೆಟ್ಟಿಲ ಮೇಲೆ ನಿಂತಿದ್ದಳು. "ಕಾಕೂಂನಾ ಕರೂ ದ್ಯಾ ಕೀ," ಅಂದಳು. ಕಾಕೂಗೇ ಬಿಡಿ ಅನ್ನುವ ಅವಳ ಮಾತಿನಲ್ಲಿ ತನ್ನ ತಲೆಯ ಭಾರ ಇಳಿದ ಸುಖವೂ ಇತ್ತು. ಅಕ್ಕಾರು ಇಬ್ಬರನ್ನೂ ನೋಡಿ ಇಳಿದು ಹೋದರು. ಮರುದಿನ ಪತ್ರೋಳಿ, ಮಣ್ಣು, ಗಡಿಗೆ ನನ್ನ ಕೋಣೆಯ ಮುಂದೆ ಇದ್ದವು.

ಬಿತ್ತಿದೆ. ಮಣ್ಣು ಎರೆಯೇ, ಅದರ ಮೇಲೆ ದೇವರ ಹಕ್ಕಿದೆ, ಇಟ್ಟಂಗಿ ಬೆರೆಸಲಾಗದು. ಆದರೆ ನಡುವಿನ ಗಡಿಗೆ ಮಣ್ಣಿನದು. ತನ್ನ ಮೈಯಿಂದ ತಾನೇ ಜಿನುಗುತ್ತದೆ. ಸುತ್ತಲಿನ ಬೀಜಕ್ಕೆ ಅಷ್ಟು ಪಸೆ ಸಾಕು, ಮೇಲೆ ಬೆರಳಿನಿಂದ ನಾಲ್ಕು ಹನಿ ಚಿಮುಕಿಸಿದರೆ ಆಯಿತು. ಇದನ್ನು ಮನೆಯವರಿಗೆ ವಿವರಿಸಿದೆ. ಒಪ್ಪಿದಂತೆ ತಲೆಯಾಡಿಸಿದರು. ಮೊಳಕೆ ತಡವಾಯಿತು. ಎರಡನೆಯ ದಿನ ಎಲ್ಲರೂ ದೇವರಿಗೆ ಕೈ ಮುಗಿಯುವ ನೆಪದಲ್ಲಿ ಮಣ್ಣು ನೋಡಿ ಹೋದರು. ಮೂರನೆಯ ದಿನ ಆರತಿಯ ಹೊತ್ತಿಗೆ ಅಕ್ಕಾರು ಎಡಗೈಯಲ್ಲಿ ತಂಬಿಗೆ ಹಿಡಿದು ಬಂದು ಕೂತರು.

"ಒಣಗೇತಿ," ಅಂದರು.

"ಒಣಗಿಲ್ಲ."

"ದೇವರ ಮುಂದ ಹಟಾ ಮಾಡಬ್ಯಾಡ." ತಂಬಿಗೆ ಬಗ್ಗಿತು.

ನಾನು ಘಟದ ಮೇಲೆ ಅಂಗೈ ಹಿಡಿದೆ. ನೀರು ನನ್ನ ಕೈಯ ಮೇಲೆ ಬಿತ್ತು, ಮಣಿಕಟ್ಟಿನಿಂದ ಸೀರೆಗೆ ಇಳಿಯಿತು, ನೆಲಕ್ಕೆ ಹರಿಯಿತು. ಅವರು ತಂಬಿಗೆ ಎತ್ತಲಿಲ್ಲ, ನಾನು ಕೈ ತೆಗೆಯಲಿಲ್ಲ. ತಂಬಿಗೆ ಖಾಲಿಯಾಗುವವರೆಗೂ ಇಬ್ಬರೂ ಹಾಗೇ ಇದ್ದೆವು. ಆರತಿ ಹಾಡುತ್ತಿದ್ದವರು ಒಂದು ನುಡಿಯನ್ನು ಎರಡು ಸಲ ಹಾಡಿದರು.

ಮರುದಿನ ಬೆಳಿಗ್ಗೆ ಮಣ್ಣು ಬಿರಿದಿತ್ತು. ಬಿಳಿ ಸೂಜಿಗಳು, ಆಮೇಲೆ ಹಳದಿ, ದಸರೆಗೆ ಗೇಣು ಮೀರಿತು. ಪದ್ಧತಿಯಂತೆ ಎಲ್ಲರೂ ಸಸಿ ಕಿತ್ತು ಟೋಪಿಗೆ, ತುರುಬಿಗೆ ಸಿಕ್ಕಿಸಿಕೊಂಡರು. ಮಣ್ಣಿನಲ್ಲಿ ಬೂಸರು ಇರಲಿಲ್ಲ, ವಾಸನೆ ಇರಲಿಲ್ಲ. ಅಕ್ಕಾರು ಅದನ್ನು ಮೂಸಿ ನೋಡಿದ್ದು ನನಗೆ ಕಂಡಿತು.

"ದೇವಿ ದೊಡ್ಡಾಕಿ," ಅಂದರು. "ಬರೂ ವರ್ಷ ಹೆಂಗ ಬರತೈತೋ ನೋಡೂಣು."

"ನೋಡಾಕ ಬರ್ರಿ ಅಕ್ಕಾರ," ಅಂದೆ. "ತಂಬಿಗಿ ಮಾತ್ರ ತರಬ್ಯಾಡ್ರಿ."